ಗುಲಾಬಿ ಕೊಡೆ

"ಆ ಬಲ್ಬು ಬದಲಾಯಿಸಿದೀರಿ," ಎಂದಳು ಕಣ್ಣಕ್ಕ.

"ಅಕ್ಕಾ, ಸ್ವಲ್ಪ ಬಾಯಿ ಮುಚ್ಚು. ಮಾತಾಡಿದ್ರೆ ಫೋಟೋದಲ್ಲಿ ಕೆನ್ನೆ ಎಳೆದ ಹಾಗೆ ಬರುತ್ತೆ."

"ಕೆನ್ನೆ ಹೇಗಾದ್ರೂ ಬರಲಿ. ಮೊದಲನೇ ಸಲ ಫೋಟೋ ತೆಗೆದಾಗ ಇಲ್ಲಿದ್ದದ್ದು ಹಳದಿ ಬಲ್ಬು. ಒಂದೇ ಒಂದು, ಅದೂ ನೆತ್ತಿ ಮೇಲೆ. ಇವತ್ತು ಎದುರಿಗೆ ಎರಡು ಬಿಳಿ ಬಲ್ಬು ಹಚ್ಚಿದೀರಿ. ನಾನೇನು ಕುರುಡಿನಾ?"

ಕ್ಯಾಮೆರಾದ ಹಿಂದೆ ನಿಂತಿದ್ದ ತಂಗಿ ಲೆನ್ಸು ತಿರುಗಿಸಿದಳು. ಚರ್ಮದ ಕ್ಲಿನಿಕ್ಕಿನ ಫೋಟೋ ಕೋಣೆ ಎಂದರೆ ಅದು ಕೋಣೆಯೂ ಅಲ್ಲ, ಲೇಸರ್ ಕೋಣೆಗೂ ಔಷಧಿಯ ಕಪಾಟಿಗೂ ನಡುವೆ ಪರದೆ ಎಳೆದು ಮಾಡಿದ ಒಂದು ಸಂದಿ. ತಿರುಗುವ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಕೂತು ಕಣ್ಣಕ್ಕನಿಗೆ ಸೊಂಟ ಹಿಡಿದುಹೋಗಿತ್ತು. ಅಂಗಡಿಗೆ ಹೊತ್ತಾಗಿತ್ತು. ಕೆನ್ನೆಗೆ ಬಳಿದಿದ್ದ ಬಿಸಿಲಿನ ಕ್ರೀಮು ಬೆವರಿಗೆ ಕರಗಿ ಬಾಯಿಗೆ ಇಳಿಯುತ್ತಿತ್ತು, ಅದರ ರುಚಿಯೋ ದೇವರಿಗೇ ಪ್ರೀತಿ.

"ಆಯ್ತು, ಬಲಕ್ಕೆ ತಿರುಗು. ಇನ್ನೂ ಸ್ವಲ್ಪ. ಹಾಂ, ಅಲ್ಲೇ."

ಚಕ್ ಚಕ್ ಎಂದು ನಾಲ್ಕು ಫೋಟೋ ಬಿದ್ದವು. ತಂಗಿ ಪರದೆಯ ಮೇಲೆ ಅವನ್ನು ಹಳೆಯ ಫೋಟೋದ ಪಕ್ಕಕ್ಕಿಟ್ಟು ತೋರಿಸಿದಳು. ಹಳೆಯದರಲ್ಲಿ ಕಣ್ಣಕ್ಕನ ಎರಡೂ ಕೆನ್ನೆಗಳ ಮೇಲೆ ಬಂಗು ಕಾಫಿ ಚೆಲ್ಲಿದ ಹಾಗೆ ಹರಡಿತ್ತು, ಮೂಗಿನ ಮೇಲೆ ಕಂದು ಚುಕ್ಕೆಗಳಿದ್ದವು. ಹೊಸದರಲ್ಲಿ ಏನೂ ಇರಲಿಲ್ಲ. ಬಂಗು ಇರಲಿ, ಮೂಗಿನ ಪಕ್ಕದ ಸುಕ್ಕೂ ಇರಲಿಲ್ಲ.

"ನೋಡು ಹೇಗಿದೀಯ! ಹತ್ತು ವರ್ಷ ಚಿಕ್ಕವಳಾಗಿದೀಯ."

"ಕನ್ನಡಿ ಕೊಡಿಲ್ಲಿ."

"ಕನ್ನಡಿ ಯಾಕೆ ಈಗ?"

"ಕೊಡೇ ಅಂದ್ರೆ."

ಕನ್ನಡಿ ಬರಲಿಲ್ಲ, ಬದಲಿಗೆ ಒಂದು ಕಾಗದ ಬಂತು. ಅದರಲ್ಲಿ ಅಚ್ಚಾಗಿದ್ದದ್ದು ಇಷ್ಟು: ಈ ಎರಡೂ ಫೋಟೋಗಳು ನನ್ನವೇ, ಆರು ಲೇಸರ್ ಸಿಟಿಂಗುಗಳ ನಂತರ ನನ್ನ ಮುಖದ ಕಲೆಗಳು ಪೂರ್ತಿ ಹೋಗಿವೆ, ನಾನು ಸಂಪೂರ್ಣ ತೃಪ್ತಳಾಗಿದ್ದೇನೆ, ಇವನ್ನು ಕ್ಲಿನಿಕ್ಕಿನವರು ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಕೆಳಗೆ ಸಹಿಗೆ ಜಾಗ.

"ಡಾಕ್ಟರು ಕ್ಲಿನಿಕ್ಕಿನ ಮುಂದಿನ ಗೋಡೆಗೆ ಇಷ್ಟು ದೊಡ್ಡದಾಗಿ ಹಾಕ್ತಾರಂತೆ," ತಂಗಿ ಎರಡೂ ಕೈ ಅಗಲಿಸಿ ತೋರಿಸಿದಳು. "ಸಂಜೆ ಒಳಗೆ ಬೇಕು ಅಂದ್ರು. ಈ ತಿಂಗಳು ಮುಗಿದರೆ ನಂದು ಕಾಯಂ ಮಾಡೋದೋ ಬೇಡವೋ ಅಂತ ನೋಡ್ತಾರೆ ಅಕ್ಕ. ಮನೆಯವರನ್ನ ಕರ್ಕೊಂಡು ಬಂದು, ಅವರ ಫೋಟೋ ಗೋಡೆ ಮೇಲೆ ಬಂದ್ರೆ ಅದಕ್ಕೊಂದು ತೂಕ ಇರುತ್ತೆ. ಒಂದು ಸಹಿ. ನಿಂಗೇನು ಹೋಗುತ್ತೆ?"

ಏನು ಹೋಗುತ್ತೆ! ಕಣ್ಣಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದುಬಿಡೋಣವೆಂದರೆ ಎದುರಿಗೆ ನಿಂತವಳು ತಾನು ಎತ್ತಿ ಆಡಿಸಿದ ತಂಗಿ, ಬಿಳಿ ಕೋಟು ಹಾಕಿಕೊಂಡು, ಕೊರಳಿಗೆ ಗುರುತಿನ ಬಿಲ್ಲೆ ನೇತುಹಾಕಿಕೊಂಡು, ತೊಳೆದಿಟ್ಟ ಪಿಂಗಾಣಿ ತಟ್ಟೆಯಂಥ ಮುಖ ಮಾಡಿಕೊಂಡು ನಿಂತಿದ್ದಳು. "ನಂಗೆ ಅಂಗಡಿಗೆ ಹೊತ್ತಾಯ್ತು," ಎಂದವಳೇ ಬ್ಯಾಗೂ ಕೊಡೆಯೂ ಎತ್ತಿಕೊಂಡು ಹೊರಟುಬಿಟ್ಟಳು.

ಈ ಸಹಿಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಕಾಗದಕ್ಕೆ ಇಷ್ಟೊಂದು ಸಿಡುಕು ಯಾಕೆ ಅನ್ನಿಸೀತು. ಕಣ್ಣಕ್ಕ ಬಣ್ಣದಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಣ್ಣ ಹೊಂದಿಸುವ ಕೆಲಸ ಮಾಡುತ್ತಿದ್ದಳು. ಗೋಡೆ ಒಡೆದು ಪೈಪು ರಿಪೇರಿ ಮಾಡಿಸಿದವರು, ಕಪಾಟಿನ ಒಂದು ಬಾಗಿಲು ಬದಲಾಯಿಸಿದವರು, ಹಳೆಯ ಬಣ್ಣದ ಒಂದು ಚಕ್ಕೆ ತಂದು "ಇದೇ ಬೇಕು" ಎನ್ನುತ್ತಾರೆ. ಇದೇ ಎಂದರೆ ಇದೇ. ಹತ್ತು ವರ್ಷ ಹೊಗೆ, ಧೂಳು, ಬಿಸಿಲು ತಿಂದ ಬಣ್ಣಕ್ಕೆ ಯಾವ ಕಂಪನಿಯ ಪುಸ್ತಕದಲ್ಲೂ ನಂಬರು ಇರುವುದಿಲ್ಲ. ಕಣ್ಣಕ್ಕ ಬಿಳಿಗೆ ಹನಿ ಹನಿಯಾಗಿ ಬಣ್ಣ ಕಲೆಸಿ, ಒಂದು ಕಾರ್ಡಿನ ಮೇಲೆ ಬಳಿದು, ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿ, ಚಕ್ಕೆಯ ಅಂಚಿಗೆ ಕಾರ್ಡಿನ ಅಂಚು ಕೂಡಿಸಿ ಅಂಗಡಿಯ ಮೆಟ್ಟಿಲಿಗೆ ಬರುತ್ತಿದ್ದಳು. ಹಗಲು ಬೆಳಕಿನಲ್ಲಿ ಅಲ್ಲದೆ ಬೇರೆಲ್ಲೂ ನೋಡಕೂಡದು, ಇದು ಯಜಮಾನರು ಮೊದಲ ದಿನವೇ ಹೇಳಿಕೊಟ್ಟ ಪಾಠ. ಒಂದು ಬೆಳಕಿನಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಗುರುತೇ ಇಲ್ಲದವರಾಗಿಬಿಡುತ್ತವೆ.

ಹೊಂದಿದರೆ ಕಾರ್ಡಿನ ಹಿಂದೆ ಒಂದು ಸೊನ್ನೆ, ಅದರೊಳಗೆ ಒಂದು ಚುಕ್ಕಿ. ಹೊಂದದಿದ್ದರೆ ಅಡ್ಡಡ್ಡ ಎರಡು ಗೆರೆ. ಸೊನ್ನೆ ಚುಕ್ಕಿ ಕಣ್ಣಿನ ಹಾಗೆ ಕಂಡಿದ್ದರಿಂದಲೇ ಪೇಂಟರುಗಳು ಅವಳಿಗೆ ಕಣ್ಣಕ್ಕ ಎಂದು ಹೆಸರಿಟ್ಟದ್ದು. ಆ ಗುರುತು ಬೀಳದೆ ಒಬ್ಬ ಪೇಂಟರೂ ಡಬ್ಬದ ಮುಚ್ಚಳ ತೆಗೆಯುತ್ತಿರಲಿಲ್ಲ. ಬಿದ್ದ ಮೇಲೆ ಗೋಡೆಯನ್ನು ತಿರುಗಿ ಪರೀಕ್ಷೆ ಮಾಡುತ್ತಲೂ ಇರಲಿಲ್ಲ. ಹಬ್ಬಿಕೊಂಡ ಸಂಸಾರವಿಲ್ಲ, ಸ್ವಂತ ಮನೆಯಿಲ್ಲ, ಹೇಳಿಕೊಳ್ಳುವಂಥ ಓದಿಲ್ಲ. ಅವಳ ಬಳಿ ಇದ್ದದ್ದು ಆ ಸೊನ್ನೆ, ಆ ಚುಕ್ಕಿ.

ಹಾಗಿದ್ದವಳು ಈ ಲೇಸರಿನ ಗೊಡವೆಗೆ ಯಾಕೆ ಹೋದಳು? ತಂಗಿ ಪೀಡಿಸಿದ್ದು ನಿಜ. ಹೊಸದಾಗಿ ಸೇರಿದವರು ಮನೆಯವರನ್ನು ಕರೆತರಬೇಕೆಂದು ಕ್ಲಿನಿಕ್ಕಿನಲ್ಲಿ ನಿಯಮ, "ನಂಗೂ ಮಾಡಿದಾರೆ ಅಕ್ಕ, ಮುಖ ನೋಡು ಹೇಗಾಗಿದೆ," ಎಂದು ದಿನಾ ಬೆಳಗಾದರೆ ಫೋನು. ಆದರೆ ಅದೊಂದೇ ಕಾರಣವಲ್ಲ. ಒಂದು ದಿನ ಗಂಡಹೆಂಡತಿ ಇಬ್ಬರು ಅಂಗಡಿಗೆ ಬಂದಿದ್ದರು. ಹೆಂಡತಿ ಗಂಡನ ಕಿವಿಯಲ್ಲಿ, "ಮುಖದಲ್ಲೇ ಎರಡು ಶೇಡ್ ಇಟ್ಕೊಂಡಿದಾರೆ, ನಮ್ಮ ಗೋಡೆಗೆ ಒಂದೇ ಶೇಡ್ ಕೊಡ್ತಾರಾ?" ಎಂದಿದ್ದಳು. ಕಣ್ಣು ಚುರುಕಿದ್ದವರಿಗೆ ಕಿವಿ ಇರುವುದಿಲ್ಲವೆಂದು ಅವಳು ತಿಳಿದಿದ್ದಳೋ ಏನೋ. ಕಣ್ಣಕ್ಕ ಅವರ ಗೋಡೆಗೆ ಒಂದೇ ಶೇಡು ಕೊಟ್ಟು ಕಳಿಸಿದಳು, ಮರುದಿನ ತಂಗಿಗೆ ಫೋನು ಮಾಡಿ ಬರುತ್ತೇನೆ ಎಂದಳು.

ಮುಕ್ಕಾಲು ಗಂಟೆ ಮರಗಟ್ಟುವ ಕ್ರೀಮು, ಕಣ್ಣಿಗೆ ಕಪ್ಪು ಮುಚ್ಚಳ, ಆಮೇಲೆ ಚಟ್ ಚಟ್ ಚಟ್. ಯಾರೋ ರಬ್ಬರ್ ಬ್ಯಾಂಡ್ ಎಳೆದೆಳೆದು ಕೆನ್ನೆಗೆ ಬಿಟ್ಟ ಹಾಗೆ, ಕೂದಲು ಸುಟ್ಟ ವಾಸನೆ ಬೇರೆ. ಎರಡನೇ ಸಿಟಿಂಗಿಗೆ ಬಂಗು ನಿಜಕ್ಕೂ ತಿಳಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಕಣ್ಣಕ್ಕ ಹಿಗ್ಗಿದಳು. ಡಬ್ಬದ ಮುಚ್ಚಳದಲ್ಲಿ ಮುಖ ನೋಡಿಕೊಂಡಳು. ನಾಲ್ಕನೆಯದಕ್ಕೆ ಅದು ತಿರುಗಿ ಬಂತು. ಐದನೆಯದಕ್ಕೆ ಮೊದಲಿಗಿಂತ ಒಂದು ಹನಿ ಕಪ್ಪು ಹೆಚ್ಚಾಗಿಯೇ ಬಂತು.

"ಬಿಸಿಲಿಗೆ ಹೋಗ್ತೀರಾ?" ಎಂದು ಡಾಕ್ಟರು ಗದರಿಸಿದರು.

"ಹಗಲಲ್ಲಿ ನೋಡದೆ ಬಣ್ಣ ಹೇಗ್ರೀ ಹೊಂದಿಸ್ಲಿ?"

"ಹಾಗಾದ್ರೆ ನಮ್ಮನ್ನ ಕೇಳಬೇಡಿ."

ಸರಿಹೋಯಿತು. ಅವರು ಸುಡುವುದು, ಇವಳು ಬೈಸಿಕೊಳ್ಳುವುದು. ಆ ದಿನ ಬಾಗಿಲ ತನಕ ಬಂದ ತಂಗಿ ತನ್ನ ಕೊಡೆಯನ್ನೇ ಅಕ್ಕನ ಕೈಗೆ ತುರುಕಿದ್ದಳು. ಗುಲಾಬಿ ಬಣ್ಣದ, ತೆಳ್ಳನೆಯ ಬಟ್ಟೆಯ ಕೊಡೆ. "ಇದನ್ನ ಹಿಡ್ಕೊ. ಇದರ ಕೆಳಗೆ ನಿಂತ್ರೆ ಯಾರ ಮುಖದಲ್ಲೂ ಏನೂ ಕಾಣಲ್ಲ," ಎಂದಿದ್ದಳು. ಕಣ್ಣಕ್ಕ ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಆರನೆಯ ಸಿಟಿಂಗೂ ಮುಗಿಯಿತು, ಬಂಗು ಹೋಗಲಿಲ್ಲ.

ಇವತ್ತು ಅವಳು ಕ್ಲಿನಿಕ್ಕಿನಿಂದ ಅಂಗಡಿಗೆ ಬಂದಾಗ ಮೇಸ್ತ್ರಿ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ. ನಲವತ್ತು ವರ್ಷ ಗೋಡೆಗೆ ಬಣ್ಣ ಬಳಿದ ಮನುಷ್ಯ, ರೆಪ್ಪೆಯ ಮೇಲೂ ಬಿಳಿ ಚುಕ್ಕೆ. ಎಂದೂ ನಗುತ್ತಾ ಬರುವವನು ಇವತ್ತು ನಗಲಿಲ್ಲ.

"ಏನ್ ಮೇಸ್ತ್ರೀ, ಬೆಳಿಗ್ಗೆ ಬೆಳಿಗ್ಗೇನೇ?"

"ಲೈಬ್ರರಿ ಗೋಡೆ ಅಕ್ಕ."

"ಅದಕ್ಕೇನಾಯ್ತು? ಹೋದ ವಾರ ಹೊಂದಿಸಿ ಕೊಟ್ಟೆನಲ್ಲ."

"ಕೊಟ್ರಿ. ನಿಮ್ಮ ಸೊನ್ನೆ ಚುಕ್ಕಿ ನೋಡಿ ಕಣ್ಣು ಮುಚ್ಕೊಂಡು ಬಳಿದೆ. ಈಗ ಓದೋರೆಲ್ಲ ಪುಸ್ತಕ ಬಿಟ್ಟು ಗೋಡೆ ನೋಡ್ತಾ ಕೂತಿದಾರೆ. ಕಿಟಕಿ ಪಕ್ಕ ಇಷ್ಟಗಲ ಹಸಿರು ಕಲೆ. ಆ ಲೈಬ್ರರಿಯಮ್ಮ ನನ್ನ ಏನಂದ್ರು ಗೊತ್ತಾ? ಗೋಡೆಗೆ ಚರ್ಮರೋಗ ತರ್ಸಿದೀರಲ್ರೀ ಅಂದ್ರು."

ಕಣ್ಣಕ್ಕ ನಂಬಲಿಲ್ಲ. ಮೇಸ್ತ್ರಿ ಜೇಬಿನಿಂದ ಅವಳದೇ ಕಾರ್ಡು ತೆಗೆದ, ಹಳೆಯ ಚಕ್ಕೆಯನ್ನೂ ತೆಗೆದ. ಎರಡನ್ನೂ ಕೂಡಿಸಿ ಬಿಸಿಲಿಗೆ ಹಿಡಿದ. ಚಕ್ಕೆ ಬೂದು, ಕಾರ್ಡು ಹಸಿರು ಬೂದು. ಮಗುವಿಗೂ ಕಾಣುವಷ್ಟು ಬೇರೆ. ಕಣ್ಣಕ್ಕ ಎರಡನ್ನೂ ಇಸಿದುಕೊಂಡು ಕಾರ್ಡನ್ನು ಹಿಂದೆ ತಿರುಗಿಸಿದಳು. ಸೊನ್ನೆ, ಚುಕ್ಕಿ. ಅವಳದೇ ಕೈ.

"ಕಣ್ಣಿಗೆ ಏನಾದ್ರೂ ಆಗಿದೆಯಾ ಅಕ್ಕ? ತೋರಿಸ್ಕೊಳ್ಳಿ," ಎಂದ ಮೇಸ್ತ್ರಿ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕನಿಕರವಿತ್ತು. ಬೈದಿದ್ದರೇ ಚೆನ್ನಾಗಿತ್ತು.

ಆಗ ಅವಳಿಗೆ ತನ್ನ ತಲೆಯ ಮೇಲಿದ್ದ ಕೊಡೆಯ ನೆನಪಾಯಿತು. ತಲೆ ಎತ್ತಿದಳು. ಬಿಸಿಲು ಗುಲಾಬಿ ಬಟ್ಟೆಯಲ್ಲಿ ಸೋಸಿ ಕೈಯ ಮೇಲೆ, ಏಪ್ರನ್ನಿನ ಮೇಲೆ, ಮೆಟ್ಟಿಲ ಮೇಲೆ ಬೀಳುತ್ತಿತ್ತು. ಕಾರ್ಡೂ ಚಕ್ಕೆಯೂ ಇದ್ದ ಕೈಯನ್ನು ಕೊಡೆಯ ಕೆಳಗೆ ತಂದಳು. ಎರಡೂ ಒಂದೇ ಆದವು. ಹೊರಗೆ ಚಾಚಿದಳು. ಬೇರೆಯಾದವು. ಒಳಗೆ, ಹೊರಗೆ. ಮೂರು ಸಲ ಮಾಡಿದಳು.

"ಅಯ್ಯೋ ನನ್ನ ಕರ್ಮವೇ," ಎಂದು ಹಣೆ ಚಚ್ಚಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಮೊನ್ನೆ ಸೇರಿದ ಕೂಸೂ ಮಾಡದ ತಪ್ಪು. ಮುಖ ಉಳಿಸಿಕೊಳ್ಳಲು ಹೋಗಿ ಕಣ್ಣು ಕಳೆದುಕೊಂಡಿದ್ದಳು. ಮುಖವಾದರೂ ಉಳಿಯಿತೇ ಎಂದರೆ ಅದೂ ಇಲ್ಲ! ಕೊಡೆಯನ್ನು ಮಡಚಿ, ಬಣ್ಣ ಕಲೆಸುವ ಕೋಲುಗಳ ಡ್ರಮ್ಮಿಗೆ ತಲೆಕೆಳಗಾಗಿ ತುರುಕಿದಳು. ಯಜಮಾನರು ಗಲ್ಲಾದಿಂದ ಕನ್ನಡಕದ ಮೇಲೆ ನೋಡಿದರು, ಮತ್ತೆ ಲೆಕ್ಕದ ಪುಸ್ತಕಕ್ಕೆ ತಲೆ ತಗ್ಗಿಸಿದರು. ಅದು ಅವಳಿಗೆ ಇನ್ನೂ ಚುಚ್ಚಿತು.

"ಕೂತ್ಕೊಳ್ಳಿ ಮೇಸ್ತ್ರೀ. ಹೊಸದಾಗಿ ಮಾಡಿಕೊಡ್ತೀನಿ. ಎಷ್ಟು ಹೊತ್ತಾದ್ರೂ ಸರಿ, ಇವತ್ತು ಕೊಟ್ಟೇ ಕಳಿಸೋದು."

ಮಧ್ಯಾಹ್ನದ ತನಕ ಕಲೆಸಿದಳು. ಮೊದಲ ಕಾರ್ಡಿಗೆ ಅಡ್ಡಗೆರೆ. ಎರಡನೆಯದಕ್ಕೂ ಅಡ್ಡಗೆರೆ. ಮೂರನೆಯದು ಹೊಂದಿದ ಹಾಗೇ ಇತ್ತು, ಆದರೂ ಅವಳಿಗೆ ತನ್ನ ಮೇಲೆ ನಂಬಿಕೆ ಬರಲಿಲ್ಲ. ಎಂದೂ ಒಂದು ಗಳಿಗೆಗಿಂತ ಹೆಚ್ಚು ನೋಡದವಳು ಕಾರ್ಡನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಬರಿತಲೆಯಲ್ಲಿ ನಿಂತೇ ಇದ್ದಳು. ನಡು ಮೆಟ್ಟಿಲಲ್ಲಿ ಅವಳು ನಿಂತು ನಿಂತು ಸವೆದ ಜಾಗವೊಂದಿತ್ತು, ಎರಡು ಪಾದದಷ್ಟು. ಕೊನೆಗೆ ಮೇಸ್ತ್ರಿಯೇ, "ಸಾಕು ಬಿಡಿ ಅಕ್ಕ, ಹೊಂದಿದೆ," ಎಂದ. ಅವಳು ಸೊನ್ನೆ ಬರೆದಳು. ಚುಕ್ಕಿ ಇಡುವ ಮೊದಲು ಇನ್ನೊಂದು ಸಲ ನೋಡಿದಳು.

ಸರಿಯಾಗಿ ಆ ಹೊತ್ತಿಗೇ ಬರಬೇಕೇ ತಂಗಿ! ರಸ್ತೆ ಬದಿಯ ಅಂಗಡಿಗಳ ನೆರಳಿಗೆ ಅಂಟಿಕೊಂಡೇ ನಡೆದು ಬಂದವಳು ಸರಕ್ಕನೆ ಮೆಟ್ಟಿಲು ಹತ್ತಿ ಬಾಗಿಲ ಒಳಗೆ ಸೇರಿಕೊಂಡಳು. ಕ್ಲಿನಿಕ್ಕಿನ ಕೋಟು ಬಿಚ್ಚಿರಲಿಲ್ಲ, ಬಿಲ್ಲೆಯೂ ಕೊರಳಲ್ಲೇ ಇತ್ತು. ಕೈಯಲ್ಲಿ ಲಕೋಟೆ.

"ಪ್ರಿಂಟ್ ಹಾಕಿಸಿದೀನಿ ಅಕ್ಕ. ಡಾಕ್ಟರು ಕಾಯ್ತಿದಾರೆ. ಪೆನ್ನೂ ತಂದಿದೀನಿ."

"ಪೆನ್ನು ನನ್ನ ಹತ್ರಾನೂ ಇದೆ."

"ಹಾಗಾದ್ರೆ ಮಾಡು."

"ಏನು ಮಾಡಲಿ? ಬೆಳಿಗ್ಗೆ ನೀನು ಬಲ್ಬು ಬದಲಾಯಿಸಿ ತೆಗೆದದ್ದಕ್ಕೆ ನಾನು ಹೊಂದಿದೆ ಅಂತ ಬರೆದುಕೊಡಲಾ? ನಿನ್ನ ಕೊಡೆ ಹಿಡ್ಕೊಂಡು ಒಂದು ಗೋಡೆ ಹಾಳು ಮಾಡಿದೀನಿ. ಈ ಮನುಷ್ಯ ಊರವರ ಮುಂದೆ ತಲೆ ತಗ್ಗಿಸಿ ಬಂದಿದಾನೆ. ಇನ್ನು ನಿನ್ನ ಗೋಡೆಯೊಂದು ಬಾಕಿ!"

"ಮೆಲ್ಲಗೆ ಅಕ್ಕ."

"ಯಾಕೆ ಮೆಲ್ಲಗೆ? ಆ ಗೋಡೆ ನೋಡಿ ನನ್ನಂಥ ಹತ್ತು ಜನ ಬರ್ತಾರೆ, ಬಂದು ಸುಡಿಸ್ಕೊಳ್ತಾರೆ. ಕೇಳಿದ್ರೆ ಬಿಸಿಲಿಗೆ ಹೋದ್ರಿ ಅಂತೀರಿ. ಕೊಡು ಇಲ್ಲಿ ಆ ಫೋಟೋ."

ಕಿತ್ತುಕೊಂಡವಳೇ ಮೆಟ್ಟಿಲಿಗೆ ಇಳಿದು, ಸವೆದ ಜಾಗದಲ್ಲಿ ನಿಂತು, ಕೆನ್ನೆಯ ಕ್ರೀಮನ್ನು ಏಪ್ರನ್ನಿನಿಂದ ಉಜ್ಜಿ ಒರೆಸಿದಳು. ಫೋಟೋದ ಅಂಚನ್ನು ಕೆನ್ನೆಗೆ ಕೂಡಿಸಿ ಹಿಡಿದಳು.

"ಮೇಸ್ತ್ರೀ, ನೋಡ್ರೀ. ಹೊಂದುತ್ತಾ?"

ಮೇಸ್ತ್ರಿ ಕಕ್ಕಾಬಿಕ್ಕಿಯಾದ. "ಅದೆಲ್ಲ ನಂಗ್ಯಾಕಕ್ಕ?"

"ಇಷ್ಟು ವರ್ಷ ನೀವು ನನ್ನ ಕಣ್ಣು ನಂಬಿದ್ರಿ. ಇವತ್ತು ಒಂದು ಸಲ ನಾನು ನಿಮ್ಮದನ್ನ ನಂಬ್ತೀನಿ. ಮುಖದಾಕ್ಷಿಣ್ಯ ಬೇಡ. ಗೋಡೆ ಅಂದ್ಕೊಂಡು ಹೇಳಿ."

ಅವನು ಕತ್ತು ಓರೆ ಮಾಡಿ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. "ಇಲ್ಲಕ್ಕ," ಎಂದ. "ಎಲ್ಲಿಂದೆಲ್ಲಿಗೂ ಇಲ್ಲ."

ಕಣ್ಣಕ್ಕ ಫೋಟೋದ ಹಿಂದೆ ಅಡ್ಡಡ್ಡ ಎರಡು ಗೆರೆ ಎಳೆದು, ಬಾಗಿಲ ಕಡೆ ಚಾಚಿದಳು. ತಂಗಿ ಕೈ ನೀಡಲಿಲ್ಲ. ಹೊರಗೂ ಬರಲಿಲ್ಲ. ಬಾಗಿಲ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಸರಿಯಾಗಿ ಕಾಲ್ಬೆರಳು ಕೂಡಿಸಿ ನಿಂತಿದ್ದಳು.

"ಬಾರೇ, ತಗೋ. ಒಯ್ದು ನಿನ್ನ ಡಾಕ್ಟರಿಗೆ ಕೊಡು."

"ಕೊಡೆ ಎಲ್ಲಿ?" ಎಂದಳು ತಂಗಿ.

"ಕೊಡೆಯಂತೆ ಕೊಡೆ! ಎರಡು ಹೆಜ್ಜೆಗೆ ಕೊಡೆ ಬೇಕಾ ಮಹಾರಾಣಿಗೆ? ಬಾ ಅಂದ್ರೆ."

ತಂಗಿ ಡ್ರಮ್ಮಿನಲ್ಲಿ ತಲೆಕೆಳಗಾಗಿದ್ದ ಕೊಡೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಆಮೇಲೆ ಬಿಸಿಲಿಗೆ ಇಳಿದಳು. ಫೋಟೋ ತೆಗೆದುಕೊಳ್ಳುತ್ತಾಳೆ ಎಂದು ಕಣ್ಣಕ್ಕ ಕೈ ಮುಂದೆ ಮಾಡಿದರೆ, ಅವಳು ಕೋಟಿನ ಜೇಬಿನಿಂದ ಒದ್ದೆ ಕಾಗದವೊಂದನ್ನು ತೆಗೆದು ತನ್ನ ಎಡಗೆನ್ನೆಯ ಮೇಲಿಟ್ಟು ಎಳೆದಳು. ಕಾಗದದ ಮೇಲೆ ಗೋಧಿ ಬಣ್ಣ ದಪ್ಪಗೆ ಬಂತು. ಇನ್ನೊಂದು ಸಲ ಎಳೆದಳು. ಅದರಡಿಯಿಂದ ಕಣ್ಣಿನ ಕೆಳಗಿಂದ ದವಡೆಯ ತನಕ ಕಂದು ಕಪ್ಪು ಕಲೆ ಹೊರಗೆ ಬಂತು. ನಡುನಡುವೆ ಬೆಳ್ಳಗೆ, ಲೇಸರು ಕೂತ ಕಡೆಯೆಲ್ಲ ಉಗುರಿನಷ್ಟು ಉಗುರಿನಷ್ಟು ಬೊಟ್ಟು. ಅಕ್ಕನದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಕೊರಳಿನ ಬಿಲ್ಲೆಯನ್ನು ಎತ್ತಿದಳು. ಅದರಲ್ಲಿ ಅವಳ ಫೋಟೋ, ಕಲೆಯಿಲ್ಲದ್ದು, ನಗುತ್ತಿರುವುದು. ಅಂಚನ್ನು ಕೆನ್ನೆಗೆ ಕೂಡಿಸಿ ಹಿಡಿದಳು.

"ಇದನ್ನೂ ನೋಡಿಬಿಡು ಅಕ್ಕ."

ಮೇಸ್ತ್ರಿ ಡಬ್ಬ ಎತ್ತಿಕೊಂಡು, ಏನೋ ಮರೆತವನ ಹಾಗೆ ಅಂಗಡಿಯ ಒಳಕ್ಕೆ ಹೋದ.

"ಯಾವಾಗಿಂದ?" ಎಂದಳು ಕಣ್ಣಕ್ಕ.

"ಎರಡು ತಿಂಗಳಾಯ್ತು. ಮೊದಲು ಹೋಯ್ತು, ಆಮೇಲೆ ಬಂತು. ನಿನ್ನ ಕರ್ಕೊಂಡು ಬಂದಾಗ ನಿಜಕ್ಕೂ ಹೋಗಿತ್ತು ಅಕ್ಕ, ಆಣೆ. ಈಗ ದಿನಾ ಬೆಳಿಗ್ಗೆ ಒಂದು ಗಂಟೆ ಹಚ್ಕೋತೀನಿ. ಕಲೆ ಕಂಡ್ರೆ ಕ್ಲಿನಿಕ್ಕಿನ ಮುಂದಿನ ಟೇಬಲ್ಲಿಗೆ ಕೂರಿಸಲ್ಲ."

"ನಂಗೆ ಯಾಕೇ ಹೇಳಲಿಲ್ಲ?"

"ಹೇಳೋದೇನು? ನೀನು ನೋಡಿದ ತಕ್ಷಣ ಹಿಡೀತೀಯ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ನಿನ್ನ ಎದುರಿಗೆ ಬರೋವಾಗೆಲ್ಲ ಅಂದ್ಕೋತಿದ್ದೆ, ಇವತ್ತು ಬೈತಾಳೆ, ಇವತ್ತು ಗ್ಯಾರಂಟಿ ಬೈತಾಳೆ." ತಂಗಿ ಒದ್ದೆ ಕಾಗದವನ್ನು ಮುದುಡಿದಳು. "ಬಲ್ಬು ನೋಡಿದೆ. ನನ್ನ ನೋಡಲೇ ಇಲ್ಲ ನೀನು."

ತಂಗಿ ಇನ್ನೂ ಬಿಲ್ಲೆ ಹಿಡಿದೇ ನಿಂತಿದ್ದಳು, ಕಾರ್ಡು ಹಿಡಿದು ಕಾಯುವ ಪೇಂಟರುಗಳು ನಿಲ್ಲುವ ಹಾಗೆ. ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಕಣ್ಣಕ್ಕ ಸವೆದ ಜಾಗದಿಂದ ಅರ್ಧ ಹೆಜ್ಜೆ ಸರಿದು ಅವಳಿಗೆ ನಿಲ್ಲಲು ಜಾಗ ಮಾಡಿದಳು. ಬೆರಳಿಗೆ ಮೆತ್ತಿದ್ದ ಲೈಬ್ರರಿಯ ಬೂದು ಬಣ್ಣವನ್ನು ಏಪ್ರನ್ನಿಗೆ ಒರೆಸಿಕೊಂಡಳು, ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿದಳು. ತಂಗಿಯ ಗಲ್ಲ ಹಿಡಿದು ಮುಖವನ್ನು ಮೆಲ್ಲಗೆ ಬೆಳಕಿನ ಕಡೆಗೆ ತಿರುಗಿಸಿದಳು.